ದಿಲ್ಲಿ ಚಳಿಯಲ್ಲಿ ಮನೆಗಿಡ: ಅಜ್ಜಿಯ ವೀಳ್ಯದೆಲೆ ಬಳ್ಳಿ ಕಲಿಸಿದ್ದು

ಇವತ್ತು ಕೋಡ್ ಪಕ್ಕಕ್ಕಿಟ್ಟು ಗಿಡಗಳ ಬಗ್ಗೆ ಮಾತಾಡೋಣ.

ಎಂಟೆಕ್ ಮುಗಿಸಿ ಕೆಲಸಕ್ಕೆ ನೋಯ್ಡಾಗೆ ಬಂದಾಗ, ಅಮ್ಮ ತಿಪಟೂರಿನ ಹಿತ್ತಲಿಂದ ವೀಳ್ಯದೆಲೆ ಬಳ್ಳಿ ಒಂದನ್ನ ಕುಂಡಕ್ಕೆ ಹಾಕಿ ಕೊಟ್ಟಿದ್ರು. ಅಜ್ಜಿ ನೆಟ್ಟಿದ್ದು. ಅದೇ ವರ್ಷ ಆ ಮನೆ ಮಾರಾಟ ಆಯ್ತು. ಅಜ್ಜಿಯ ಬಳ್ಳಿ ಅಂತ ಉಳಿದಿದ್ದು ನನ್ನ ಬಾಲ್ಕನಿಯಲ್ಲಿ ಮಾತ್ರ. ಮೊದಲನೇ ಚಳಿಗಾಲಕ್ಕೇ ಅದನ್ನ ಹೆಚ್ಚೂಕಮ್ಮಿ ಕೊಂದುಬಿಟ್ಟೆ. ಕಾರಣ ಚಳಿಗಿಂತ ಜಾಸ್ತಿ, ನಾನು ಹಾಕಿದ ನೀರು.

ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ದಿಲ್ಲಿ ಕಡೆ 7-8, ಕೆಲವು ದಿನ 4ಕ್ಕೂ ಇಳಿಯುತ್ತೆ. ವೀಳ್ಯದೆಲೆ, ಮನಿ ಪ್ಲಾಂಟ್, ಆಂಥೂರಿಯಂ, ಪೀಸ್ ಲಿಲ್ಲಿ ಎಲ್ಲ ಬೆಚ್ಚಗಿನ ಕಾಡಿನಿಂದ ಬಂದ ಗಿಡಗಳು. ಚಳಿ, ಮಂಜು, ಕಡಿಮೆ ಬಿಸಿಲು ಸೇರಿದರೆ ಅವುಗಳ ಬೆಳವಣಿಗೆ ನಿಂತೇಹೋಗುತ್ತೆ. ಬೇರು ನೀರು ಕುಡಿಯೋದೂ ಕಡಿಮೆ. ನಾನು ಊರಿನ ಅಭ್ಯಾಸದಂತೆ ದಿನಾ ಒಂದು ಚೊಂಬು ಹಾಕ್ತಿದ್ದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ನೀರು ನಿಂತು, ಉಸಿರಾಡೋಕಾಗದೆ ಬೇರು ಕೊಳೆಯಿತು. ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಜೋತುಬೀಳುತ್ತೆ. ಬಾಯಾರಿಕೆ ಅಂದ್ಕೊಂಡು ಇನ್ನಷ್ಟು ಸುರಿದೆ! ಎರರ್ ಒಂದೇ, ಕಾರಣ ಎರಡು. ನಾನು ತಪ್ಪು ಕಾರಣ ಹಿಡಿದಿದ್ದೆ.

ಈಗ ನಾನು ಪಾಲಿಸೋದು ಇಷ್ಟು.

ನೀರು: ವಾರ ಲೆಕ್ಕ ಹಾಕಲ್ಲ. ಬೆರಳನ್ನ ಎರಡು ಇಂಚು ಮಣ್ಣಿಗೆ ಇಳಿಸ್ತೀನಿ. ಒಣಗಿದ್ರೆ ಮಾತ್ರ ನೀರು, ಅದೂ ಬೆಳಿಗ್ಗೆ. ನಲ್ಲಿಯ ಕೊರೆಯುವ ನೀರು ಬೇಡ, ರಾತ್ರಿಯೇ ಒಳಗೆ ಹಿಡಿದಿಟ್ಟಿದ್ದು ಹಾಕಿ. ತಟ್ಟೆಗೆ ಇಳಿದ ನೀರು ಚೆಲ್ಲಿಬಿಡಿ.

ಜಾಗ: ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಹಾಗಾಗಿ ದಕ್ಷಿಣದ ಕಿಟಕಿ ಒಳ್ಳೇದು. ರಾತ್ರಿ ಕುಂಡವನ್ನ ತಣ್ಣನೆ ಗಾಜಿನಿಂದ ಸ್ವಲ್ಪ ಒಳಗೆ ಎಳೆದಿಡಿ.

ಹೀಟರ್: ಅದರ ಗಾಳಿ ನೇರವಾಗಿ ತಾಗಬಾರದು. ಒಣ ಗಾಳಿಗೆ ಎಲೆಯಂಚು ಕಂದಾಗುತ್ತೆ, ಎಲೆ ಕೆಳಗೆ ನುಸಿಯೂ ಸೇರಿಕೊಳ್ಳುತ್ತೆ.

ಧೂಳು: ದಿಲ್ಲಿ ಗಾಳಿ ನಿಮಗೇ ಗೊತ್ತು. ಎಲೆ ಮೇಲೆ ಕೂತ ಧೂಳು ಇರೋ ಸ್ವಲ್ಪ ಬೆಳಕನ್ನೂ ತಡೆಯುತ್ತೆ. ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಿ.

ಗೊಬ್ಬರ, ಕುಂಡ ಬದಲಾವಣೆ: ಎರಡೂ ಫೆಬ್ರವರಿ ಕೊನೆವರೆಗೆ ಬೇಡ. ಮಲಗಿರೋರಿಗೆ ಊಟ ಬಡಿಸಿದ ಹಾಗೆ ಅದು.

ಎಲೆ ಉದುರಿದ ತಕ್ಷಣ ಗಿಡ ಕಿತ್ತು ಎಸೀಬೇಡಿ. ಕಾಂಡವನ್ನ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ರೆ ಜೀವ ಇದೆ. ನನ್ನ ಬಳ್ಳಿಯ ಬುಡ ಕಪ್ಪಾಗಿತ್ತು, ತುದಿಯಲ್ಲಿ ಮಾತ್ರ ಎರಡು ಗೆಣ್ಣು ಹಸಿರಿತ್ತು. ಅಷ್ಟನ್ನೇ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ಅಡುಗೆಮನೆ ಕಿಟಕಿ ಹತ್ತಿರ ಇಟ್ಟೆ. ಎರಡು ದಿನಕ್ಕೊಮ್ಮೆ ನೀರು ಬದಲಿಸ್ತಿದ್ದೆ. ತಿಂಗಳಾದ್ರೂ ಏನೂ ಇಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಅದು ಕಳೆದ ಮೇಲೆ ಗೆಣ್ಣಲ್ಲಿ ಬಿಳಿ ಬೇರು ಕಾಣಿಸ್ತು.

ಹೋದ ಸಲ ಊರಿಗೆ ಹೋದಾಗ ಆ ಬಳ್ಳಿಯ ಒಂದು ತುಂಡನ್ನ ಅಮ್ಮನ ಬಾಡಿಗೆ ಮನೆಗೆ ತಗೊಂಡ್ಹೋದೆ. ಅಮ್ಮ ಎಲೆ ಮೂಸಿ ನೋಡಿ, "ನಮ್ಮ ಹಿತ್ತಲದ್ದೇ ಕಣೋ" ಅಂದ್ರು.

ಇವತ್ತು ರಾತ್ರಿ ನೀರು ಹಾಕೋಕೆ ಮುಂಚೆ ಒಂದ್ಸಲ ಮಣ್ಣು ಮುಟ್ಟಿ ನೋಡಿ. ಒದ್ದೆ ಇದ್ರೆ ಚೊಂಬು ಕೆಳಗಿಡಿ. ಮತ್ತೆ ಸಿಗೋಣ.