ಚಳಿಗಾಲದಲ್ಲಿ ಅಂಗಳದ ಹುಲ್ಲುಹಾಸು

ಆಡಕಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಅಂಗಳವೆಂದರೆ ಫರಸಿಕಲ್ಲಿನ ಹಾಸೆಂಬುದೇ ರೂಢಿ. ಕಲ್ಲಿಗೆ ಬರವಿಲ್ಲದ ನಾಡಿನಲ್ಲಿ ಅದು ಸಹಜವೂ ಹೌದು. ಆದರೂ ಮಕ್ಕಳು ಆಡಲು, ಹಿರಿಯರು ಎಳೆಬಿಸಿಲಿನಲ್ಲಿ ಕುಳಿತುಕೊಳ್ಳಲು ಒಂದಿಷ್ಟು ಹಸಿರು ಬೇಕೆಂದು ಗರಿಕೆಯ ಹಾಸು ಬೆಳೆಸುವ ಮನೆಗಳು ನಮ್ಮಲ್ಲಿವೆ. ಅಂತಹ ಗೃಹಸ್ಥರಿಗಾಗಿ ಈ ಕೆಲವು ಮಾತುಗಳು.

ಪರದೇಶದ ಪುಸ್ತಕಗಳು ಚಳಿಗಾಲದಲ್ಲಿ ಹುಲ್ಲನ್ನು ಹಿಮದಿಂದ ಕಾಯುವ ಬಗೆಯನ್ನು ಹೇಳುತ್ತವೆ. ನಮ್ಮಲ್ಲಿ ಹಿಮವಿಲ್ಲ, ಇಲ್ಲಿಯ ವೈರಿ ಒಣಗಾಲ. ಅಕ್ಟೋಬರದಲ್ಲಿ ಮಳೆ ಹಿಂದೆ ಸರಿದರೆ, ಮತ್ತೆ ನೆಲ ನೆನೆಯುವುದು ಜೂನ್‌ನಲ್ಲಿಯೇ. ಆದ್ದರಿಂದ ಚಳಿಗಾಲದ ಆರೈಕೆಯೆಂದರೆ ವಾಸ್ತವವಾಗಿ ಬೇಸಿಗೆಯ ಸಿದ್ಧತೆಯೇ ಆಗಿದೆ.

ಗರಿಕೆಯು ಬಿಸಿಲನ್ನು ಬಯಸುವ ಹುಲ್ಲು. ಉಷ್ಣಾಂಶವು 15 ಡಿಗ್ರಿಗಿಂತ ಕೆಳಗಿಳಿದಂತೆ ಅದರ ಬೆಳವಣಿಗೆ ಕುಂಠಿತಗೊಂಡು ಎಲೆಗಳು ಹಳದಿಗೆ ತಿರುಗುತ್ತವೆ. ಇದು ಸಾವಲ್ಲ, ನಿದ್ರೆ. ಕಾಂಡವನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆಯೆಂದೇ ತಿಳಿಯಬೇಕು. ಇದನ್ನರಿಯದೆ ಕೆಲವರು ಯೂರಿಯಾ ಚೆಲ್ಲಿ, ನಿತ್ಯ ನೀರು ಸುರಿಯುತ್ತಾರೆ. ಅದರಿಂದ ಕಳೆ ಹೆಚ್ಚುವುದು, ನೀರು ವ್ಯರ್ಥವಾಗುವುದು.

ದೀಪಾವಳಿ ಮುಗಿದೊಡನೆ ಹುಲ್ಲನ್ನು 4-5 ಸೆಂಟಿಮೀಟರ್ ಎತ್ತರ ಉಳಿಯುವಂತೆ ಸವರಬೇಕು. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಎರೆಮಣ್ಣು ಒಣಗಿದಂತೆ ಬಿರಿಯುತ್ತದೆ. ಬಿರುಕಿನಿಂದ ತೇವ ಆರಿಹೋಗುತ್ತದೆ. ಹಿಂಗಾರಿ ಜೋಳದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವ ನಮ್ಮ ರೈತನಿಗೆ ಈ ಮರ್ಮ ಗೊತ್ತು. ಅಂಗಳದಲ್ಲಿ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಹರಡಿ, ಬಿರುಕುಗಳಲ್ಲಿ ತುಂಬಿದರೆ ಅದೇ ಫಲ ದೊರೆಯುತ್ತದೆ. ಒಲೆಯ ಬೂದಿಯನ್ನು ಮಾತ್ರ ಹಾಕಬಾರದು. ಸುಣ್ಣದಂಶವುಳ್ಳ ನಮ್ಮ ಮಣ್ಣಿಗೆ ಅದರ ಕ್ಷಾರವು ಹಿತವಲ್ಲ. ಸಿಮೆಂಟ್ ಕಾರ್ಖಾನೆಗಳ ಸಮೀಪದ ಮನೆಗಳಲ್ಲಿ ಎಲೆಯ ಮೇಲೆ ಧೂಳು ಕೂತಿದ್ದರೆ, ನೀರುಣಿಸುವ ದಿನ ಬೆಳಿಗ್ಗೆ ಅದನ್ನು ತೊಳೆಯುವುದು ಒಳ್ಳೆಯದು.

ಇನ್ನು ನೀರಿನ ಲೆಕ್ಕ. 10 ಅಡಿ ಉದ್ದ, 10 ಅಡಿ ಅಗಲದ ಹಾಸಿಗೆ 2 ಸೆಂಟಿಮೀಟರ್ ನೀರುಣಿಸಲು ಸುಮಾರು 185 ಲೀಟರ್, ಅಂದರೆ 15 ಲೀಟರಿನ 12 ಕೊಡ ಬೇಕು. ಚಳಿಗಾಲದಲ್ಲಿ ಹತ್ತು-ಹನ್ನೆರಡು ದಿನಗಳಿಗೊಮ್ಮೆ ಹೀಗೆ ಆಳವಾಗಿ ಕೊಟ್ಟರೆ ಸಾಕು. ಅಕ್ಕಿ, ಕಾಯಿಪಲ್ಲೆ ತೊಳೆದ ನೀರನ್ನು ಬಳಸಬಹುದು. ಬಟ್ಟೆ ಸೋಪಿನ ನೀರು ಎರೆಮಣ್ಣನ್ನು ಗಡುಸಾಗಿಸುವುದರಿಂದ ಅದು ಬೇಡ.

2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಿದ್ದನ್ನು ನಾವು ಮರೆಯಲಾಗದು. ಎಳ್ಳಮಾವಾಸ್ಯೆಯ ಹೊತ್ತಿಗೆ ಬಾವಿ ತಗ್ಗಿದ್ದರೆ ಮೊದಲು ಮನೆಮಂದಿಗೆ, ಬಳಿಕ ದನಕರುಗಳಿಗೆ, ಆಮೇಲೆ ಪೂಜೆಯ ಪತ್ರಿಗಿಡಕ್ಕೆ ನೀರು. ಹುಲ್ಲಿನ ಸರದಿ ಕೊನೆಯದು. ಅದಕ್ಕೆ ದೊರೆಯದಿದ್ದರೂ ಚಿಂತಿಸಬೇಕಾಗಿಲ್ಲ. ಮೇಲೆ ಒಣಗಿದರೂ ಗರಿಕೆಯ ಬೇರು ನೆಲದೊಳಗೆ ಕಾಯುತ್ತದೆ, ಮುಂಗಾರಿಗೆ ಮರಳಿ ಚಿಗುರುತ್ತದೆ.

ಆದುದರಿಂದ ಮನೆಯ ಮುಂದೆ ದೊಡ್ಡ ಹಾಸಿನ ಡಂಭಕ್ಕಿಂತ, ಉಳಿದ ನೀರಿನಿಂದ ಸಾಕಬಹುದಾದಷ್ಟೇ ಹಸಿರು ಲೇಸು. ಕಾಯಕವನ್ನೂ ದಾಸೋಹವನ್ನೂ ನಂಬಿದ ನಮ್ಮ ಮನೆತನಗಳಿಗೆ ಮಿತವ್ಯಯವು ಹೊಸ ಪಾಠವೇನಲ್ಲ. ಅದನ್ನು ಅಂಗಳದವರೆಗೂ ತರುವುದಷ್ಟೇ ಉಳಿದಿದೆ.