ಮರಕ್ಕೆ ಬರೆ, ಬರೆಗೆ ಬಣ್ಣ

ಕನ್ನಡದಲ್ಲಿ ‘ಬರೆ’ ಅಂದರೆ ಎರಡರ್ಥ. ಪೆನ್ನು ಹಿಡಿದು ಬರೆಯುವುದು ಒಂದು. ಕಬ್ಬಿಣ ಕಾಸಿ ಚುರ್ರೆನ್ನುವಂತೆ ಎಳೆಯುವುದು ಇನ್ನೊಂದು. ಎರಡೂ ಅರ್ಥ ಒಂದೇ ಕಡೆ ಸೇರುವ ಕಸುಬೊಂದಿದೆ. ಕಾದ ಮೊನೆಯಿಂದ ಮರದ ಹಲಗೆಯ ಮೇಲೆ ಚಿತ್ರ ಸುಟ್ಟು, ಅದಕ್ಕೆ ಜಲವರ್ಣ ಬಳಿದು, ಕೊನೆಗೆ ಬಣ್ಣದ ಪೆನ್ಸಿಲ್ಲಿನಿಂದ ತಿದ್ದುವ ಕೆಲಸ. ಇಂಗ್ಲಿಷಿನಲ್ಲಿ ಪೈರೋಗ್ರಫಿ ಅನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಅದಕ್ಕೂ ಅರ್ಥ ಬೆಂಕಿಬರಹ ಎಂದೇ.

ಗೃಹಪ್ರವೇಶಕ್ಕೆ, ಮದುವೆಗೆ, ನಿವೃತ್ತಿಯ ಬೀಳ್ಕೊಡುಗೆಗೆ ಇಂಥ ಹಲಗೆ ಕೊಡುವವರಿದ್ದಾರೆ. ಗಿರಾಕಿ ಅದನ್ನೆತ್ತಿ ಹಿಂದೆ ಮುಂದೆ ನೋಡಿ ಕೇಳುವುದು ಒಂದೇ ಮಾತು: ‘ಸುಟ್ಟ ಮರಕ್ಕೆ ಇಷ್ಟು ದುಡ್ಡಾ?’ ಎಷ್ಟೋ ಸಲ ಅಂಗಡಿಯವರಿಗೂ ಉತ್ತರ ಗೊತ್ತಿರುವುದಿಲ್ಲ. ಚೌಕಾಸಿ ಮಾಡಿ ತಂದ ಹಲಗೆ ಗೇಟಿನ ಮೇಲೆ ಬಿಸಿಲು ತಿಂದು, ಕೆಂಪು ಹೂವು ಬಿಳಿಚಿಕೊಂಡಾಗ ಮಾತ್ರ ‘ಮೋಸ’ ಎಂಬ ಕೂಗು ಏಳುತ್ತದೆ. ಮೋಸ ಎಲ್ಲಿ ಆಯಿತು ಎಂದು ತಿಳಿಯಬೇಕಾದರೆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು.

ಡಾಕ್ಟರ ಸಲಕರಣೆ

ಕಾದ ಕಬ್ಬಿಣದಿಂದ ಮರಕ್ಕೆ ಗುರುತು ಹಾಕುವುದು ಬಹಳ ಹಳೆಯದು. ಅದಕ್ಕೆ ಹೊಸ ಕೈ ಕೊಟ್ಟವರು ಒಬ್ಬ ಡಾಕ್ಟರು. 1870ರ ದಶಕದಲ್ಲಿ ಪ್ಯಾರಿಸ್ಸಿನ ವೈದ್ಯ ಪಾಕೆಲಿನ್ ಗಾಯ ಸುಡುವುದಕ್ಕೆ ಪ್ಲಾಟಿನಂ ಮೊನೆಯ ಸಲಕರಣೆ ಮಾಡಿದರು. ರಬ್ಬರ್ ಬುರುಡೆ ಒತ್ತಿದರೆ ಇಂಧನದ ಆವಿ ಹೋಗಿ ಮೊನೆ ಕೆಂಪಗೇ ಉಳಿಯುತ್ತಿತ್ತು. ಚಿತ್ರಕಾರರು ಅದನ್ನೇ ಮರಕ್ಕೆ ಹಿಡಿದರು. ಆಮೇಲೆ ಕರೆಂಟಿನ ಮೊನೆ ಬಂತು.

ಬೆಂಕಿ, ಮರ, ಬಣ್ಣ ಮೂರೂ ಸೇರುವುದು ನಮಗೇನೂ ಹೊಸದಲ್ಲ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅಲ್ಲಿ ಬಿಸಿಯೂ ಬಣ್ಣವೂ ಜೊತೆಜೊತೆ. ಬೆಂಕಿಬರಹದಲ್ಲಿ ಹಾಗಲ್ಲ. ಬೆಂಕಿ ಮುಗಿದ ಮೇಲೇ ಬಣ್ಣ.

ಮೊದಲು ಬೆಂಕಿ, ಆಮೇಲೆ ನೀರು

ಮರ ತಿಳಿ ಬಣ್ಣದ್ದಾಗಿರಬೇಕು, ಎಳೆ ಒತ್ತಾಗಿರಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೆ ಒಂದು ಎಳೆ ಮೆತ್ತಗೆ, ಇನ್ನೊಂದು ಗಟ್ಟಿ, ಮೊನೆ ಕುಣಿಯುತ್ತದೆ. ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ಎಳೆಯನ್ನು ಒಣಗಿಸಿ ಮತ್ತೆ ಉಜ್ಜಬೇಕು. ಈ ಎರಡನೇ ಉಜ್ಜು ತಪ್ಪಿಸಿದರೆ ಜಲವರ್ಣ ಬಿದ್ದ ಕೂಡಲೇ ಮೈ ಒರಟಾಗುತ್ತದೆ.

ಸುಡುವಾಗ ಕೈ ನಿಧಾನವಾದಷ್ಟೂ ಗೆರೆ ಕಪ್ಪು. ಒಂದು ಕ್ಷಣ ನಿಂತರೆ ಅಲ್ಲೊಂದು ಬೊಟ್ಟು. ರಬ್ಬರಿನಿಂದ ಅಳಿಸಲಾಗದ ಬರಹ ಸ್ವಾಮಿ ಇದು!

ಸುಟ್ಟ ಗೆರೆ ಸಣ್ಣ ಕಾಲುವೆಯ ಹಾಗೆ ತಗ್ಗಾಗುತ್ತದೆ. ಬಣ್ಣದ ನೀರು ಪಕ್ಕಕ್ಕೆ ಓಡದಂತೆ ಗದ್ದೆಯ ಬದುವಿನ ಕೆಲಸ ಮಾಡುತ್ತದೆ. ಆದರೂ ನೀರು ಜಾಸ್ತಿಯಾದರೆ ಬದು ಒಡೆದ ಹಾಗೇ. ಬಣ್ಣ ಮರದ ಎಳೆ ಹಿಡಿದು ಓಡುತ್ತದೆ. ಅದಕ್ಕೇ ಕುಂಚ ಹೆಚ್ಚೂಕಡಿಮೆ ಒಣಗಿದಂತಿರಬೇಕು, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಮರದ ಹಳದಿ ಕೆಳಗಿರುವುದರಿಂದ ನೀಲಿ ಹಸಿರಿಗೆ ತಿರುಗುತ್ತದೆ, ಅದನ್ನೂ ಲೆಕ್ಕ ಇಡಬೇಕು.

ಪೆನ್ಸಿಲ್ಲಿನ ಸರದಿ ಕೊನೆಗೆ. ಅದರಲ್ಲಿ ಮೇಣ ಇರುತ್ತದೆ. ಮೊದಲೇ ತೀಡಿದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಲವರ್ಣ ಜಾರುತ್ತದೆ. ಕಪ್ಪಾಗಿ ಸುಟ್ಟ ಕಡೆ ಜಲವರ್ಣ ಕಾಣುವುದೇ ಇಲ್ಲ. ಅಲ್ಲಿ ಹಕ್ಕಿಯ ರೆಕ್ಕೆಗೆ, ಹೂವಿನ ಅಂಚಿಗೆ ಬೆಳಕು ತರುವುದು ತಿಳಿ ಬಣ್ಣದ ಪೆನ್ಸಿಲ್ಲೇ.

ಹೊಗೆ ಕುಡಿಯುವವರು ಯಾರು?

ಅಸಲು ವಿಷಯ ಇಲ್ಲಿದೆ. ಬಣ್ಣ ಹಾಕಿದ ಮೇಲೆ ಮತ್ತೆ ಸುಡಬಾರದು. ಮೇಣ ಕರಗಿ ಚಿತ್ರ ಕೆಡುವುದು ಒಂದು; ಬಣ್ಣದ ಪುಡಿ ಸುಟ್ಟ ಹೊಗೆ ಎದೆಗೆ ಹೋಗುವುದು ದೊಡ್ಡದು. ಕೆಲವು ಕೆಂಪು, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಇರುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದುಂಟು. ಸುಟ್ಟರೆ ಅದೂ ಮೂಗಿಗೆ. ವಾರ್ನಿಷ್ ಹೊಡೆದ ಹಳೇ ಮರವೂ ಬೇಡ. ರಿಪೇರಿ ಅಂಗಡಿಯಲ್ಲಿ ಸೀಸದ ಬೆಸುಗೆ ಹಚ್ಚಿದ ಸೋಲ್ಡರಿಂಗ್ ಐರನ್ನಿನ ಹಳೇ ಮೊನೆಯೂ ಬೇಡ.

ಮರದ ಬರೀ ಹೊಗೆಯೂ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವ ಫ್ಯಾನು ಬೇಕು. ರೇಟು ಇಳಿಸಿ ಇಳಿಸಿ ಕೇಳಿದಾಗ ಮೊದಲು ತಪ್ಪುವುದು ಒಳ್ಳೆಯ ಮರ, ಆಮೇಲೆ ಈ ಫ್ಯಾನು. ಗಿರಾಕಿ ಉಳಿಸಿದ ಕಾಸನ್ನು ಮಾಡಿದವನ ಎದೆ ತೆರಬೇಕಾಗುತ್ತದೆ.

ಕೊಳ್ಳುವ ಮುಂಚೆ

ಹಲಗೆಯ ಪಕ್ಕದ ಅಂಚು ನೋಡಿ. ಪದರ ಪದರ ಕಂಡರೆ ಪ್ಲೈವುಡ್. ಎಲ್ಲ ಗೆರೆ ಒಂದೇ ಆಳ, ಒಂದೇ ಕಪ್ಪು ಆಗಿದ್ದರೆ ಲೇಸರ್ ಯಂತ್ರದ್ದಿರಬಹುದು. ಯಂತ್ರದ್ದು ಎಂದರೆ ತಪ್ಪೇನಿಲ್ಲ, ಆದರೆ ಕೈಕೆಲಸದ ರೇಟು ಹೇಳಬಾರದು ಅಷ್ಟೇ. ಮೇಲಿನ ಲೇಪ ಹೇಗೆ ಹೊಡೆದಿರಿ ಎಂದೂ ಕೇಳಿ. ನೀರಿನ ವಾರ್ನಿಷನ್ನು ನೇರ ಕುಂಚದಿಂದ ಬಳಿದರೆ ಜಲವರ್ಣ ಕದಡುತ್ತದೆ. ಮೊದಲು ತೆಳ್ಳಗೆ ಸ್ಪ್ರೇ ಆಗಬೇಕು.

ಯಾವ ಲೇಪ ಹಾಕಿದರೂ ನೆತ್ತಿಯ ಬಿಸಿಲಿಗೆ ಕಾಲಕ್ರಮೇಣ ಬಣ್ಣವೂ ಮಾಸುತ್ತದೆ, ಸುಟ್ಟ ಗೆರೆಯೂ ಮಾಸುತ್ತದೆ. ಗೇಟಿಗೆ ಹಾಕಬೇಡಿ, ಪಡಸಾಲೆಯ ನೆರಳಿನ ಗೋಡೆಗೆ ಹಾಕಿ. ಇಷ್ಟನ್ನು ಅಂಗಡಿಯವರು ಮಾರುವಾಗಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಅನ್ನುತ್ತಾರೆ. ಅರ್ಧ ಬೆಲೆಗೆ ಹುಲಿಯೇ ಬೇಕು ಅಂದರೆ ಬರುವುದು ನರಿಯೇ. ಚೌಕಾಸಿ ಮಾಡಿ, ಬೇಡ ಅನ್ನುವವರಿಲ್ಲ. ಮರ ಯಾವುದು, ಬಣ್ಣ ಯಾವುದು ಎಂದು ಕೇಳಿದ ಮೇಲೆ ಮಾಡಿ.