ಗಣಿತವೂ ಗಣಕವೂ: ಒಂದೇ ನೊಗದ ಎರಡು ಎತ್ತು

ಬಿ.ಎ. ತರಗತಿಯಲ್ಲಿ ಗಣಿತವನ್ನು ಆರಿಸಿಕೊಂಡವರ ಬಗ್ಗೆ ನಮ್ಮ ಕಾಲೇಜಿನಲ್ಲಿ ಎರಡು ಮಾತುಗಳು ಪ್ರಚಾರದಲ್ಲಿವೆ. ‘ಕಲಾ ವಿಭಾಗಕ್ಕೆ ಬಂದವರಿಗೆ ಲೆಕ್ಕ ಏತಕ್ಕೆ?’ ಎಂಬುದು ಮೊದಲನೆಯದು. ‘ಲೆಕ್ಕ ಸಾಲದೆಂದು ಕಂಪ್ಯೂಟರ್ ಬೇರೆ ಹೊತ್ತುಕೊಂಡಿದ್ದಾರಲ್ಲ!’ ಎಂಬುದು ಎರಡನೆಯದು. ಈ ಎರಡು ಭಾರಗಳನ್ನು ಮೂರು ವರ್ಷ ಹೊತ್ತು ಬಂದವಳಾದ ನಾನು, ಇವುಗಳನ್ನು ಒಟ್ಟಿಗೆ ಸಾಗಿಸುವ ಬಗೆಯನ್ನು ಮುಂದೆ ಬರುವ ತಮ್ಮ ತಂಗಿಯರಿಗಾಗಿ ತಿಳಿದಷ್ಟು ಹೇಳಬೇಕೆಂದಿದ್ದೇನೆ.

ಮೊದಲನೆಯ ಮಾತಿಗೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರ ಸಂಗ್ರಹ’ವನ್ನು ರಚಿಸಿದನು. ಗಣಿತವು ಎಲ್ಲೆಲ್ಲಿ ಬೇಕೆಂಬುದನ್ನು ಹೇಳುವಾಗ ಅವನು ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ಛಂದಸ್ಸು, ವ್ಯಾಕರಣ ಎಲ್ಲವನ್ನೂ ಎಣಿಸಿದ್ದಾನೆ. ಇವುಗಳಲ್ಲಿ ಹೆಚ್ಚಿನವು ಕಲಾ ವಿಭಾಗದ ವಿಷಯಗಳೇ ಅಲ್ಲವೆ? ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡೆಂದು ಹೆಸರಿಸುವ ಕೊಪಣದ ಸೀಮೆಯವರಾದ ನಾವು ಗಣಿತಕ್ಕೆ ಪರಕೀಯರೆಂದು ತಿಳಿಯಬೇಕಾಗಿಲ್ಲ.

ಎರಡನೆಯ ಮಾತಿಗೆ ಉತ್ತರ ನಮ್ಮ ಪಠ್ಯಕ್ರಮದಲ್ಲಿದೆ. ನಾನು ಸೇರಿದ್ದು 2023ರಲ್ಲಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಬಂದ ಕ್ರಮ ಆಗ ನಡೆದಿತ್ತು. 2024-25ರಿಂದ ಸೇರಿದವರಿಗೆ ಸರ್ಕಾರವು ಬೇರೆ ಕ್ರಮವನ್ನು ತಂದಿತು. ನಮ್ಮ ಕ್ರಮದಲ್ಲಿ ಗಣಿತಕ್ಕೆ ಪಾಠದ ಜೊತೆಗೆ ಪ್ರಯೋಗವೂ ಉಂಟು. ಆ ಪ್ರಯೋಗ ನಡೆಯುವುದು ಗಾಜಿನ ನಳಿಗೆಗಳಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ. ಮ್ಯಾಕ್ಸಿಮಾ, ಸೈಲ್ಯಾಬ್, ಪೈಥಾನ್ ಮೊದಲಾದ, ಹಣ ತೆರದೆ ದೊರೆಯುವ ಸಾಧನಗಳಲ್ಲಿ ಕ್ರಮವಿಧಿಗಳನ್ನು ಬರೆಯಬೇಕು. ಇದಲ್ಲದೆ ಡಿಜಿಟಲ್ ಫ್ಲೂಯೆನ್ಸಿ, ಕೃತಕ ಬುದ್ಧಿಮತ್ತೆ ಎಂಬ ಕೌಶಲ ಪತ್ರಿಕೆಗಳು ಕಲಾ ವಿದ್ಯಾರ್ಥಿಗಳಿಗೂ ಬಂದವು.

ಇನ್ನು ಭಾರದ ಲೆಕ್ಕವನ್ನು ನೋಡೋಣ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ತಾಸು ಪಾಠ, ಇಲ್ಲವೆ ಎರಡು ತಾಸು ಪ್ರಯೋಗ. ಗಣಿತಕ್ಕೆ ಪಾಠ 4 ಕ್ರೆಡಿಟ್, ಪ್ರಯೋಗ 2, ಕೂಡಿದರೆ 6. ಆದರೆ ಗಡಿಯಾರಕ್ಕೆ ಕ್ರೆಡಿಟ್ ತಿಳಿಯದು. ಅದು 8 ತಾಸುಗಳನ್ನು ತೆಗೆದುಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕ್ರೆಡಿಟ್ಟನ್ನು ನೋಡಿ ಹಗುರೆನ್ನಬಾರದು; ತಾಸುಗಳನ್ನು ಎಣಿಸಬೇಕು.

ನನ್ನ ಮೊದಲ ವರ್ಷದ ವಾರವನ್ನೇ ಉದಾಹರಣೆಗೆ ತೆಗೆದುಕೊಳ್ಳಿರಿ. ವಾರಕ್ಕೆ ಒಟ್ಟು 168 ತಾಸು. ನಿದ್ರೆಗೆ ದಿನಕ್ಕೆ 7ರಂತೆ 49. ಗಣಿತಕ್ಕೆ 8, ಅರ್ಥಶಾಸ್ತ್ರಕ್ಕೆ 6, ಎರಡು ಭಾಷೆಗಳಿಗೆ 8, ಉಳಿದ ಪತ್ರಿಕೆಗಳಿಗೆ 6, ಹೀಗೆ ತರಗತಿಗಳಿಗೆ 28. ಹನುಮಸಾಗರದಿಂದ ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ 2ರಂತೆ ಆರು ದಿನಕ್ಕೆ 12. (2023ರ ಜೂನ್ 11ರಂದು ಶಕ್ತಿ ಯೋಜನೆ ಬಂದುದರಿಂದ ನಮ್ಮಂಥ ಹುಡುಗಿಯರಿಗೆ ಬಸ್ಸಿನ ಖರ್ಚು ತಪ್ಪಿತು, ಹೊತ್ತು ತಪ್ಪಲಿಲ್ಲ.) ಸ್ನಾನ, ಊಟ, ಅಡಿಗೆಗೆ ಅವ್ವನೊಡನೆ ಕೈಗೂಡಿಸುವುದು, ಇವಕ್ಕೆ ದಿನಕ್ಕೆ 5ರಂತೆ 35. ನಮ್ಮ ಮನೆಯಲ್ಲಿ ಮಗ್ಗವುಂಟು. ಅಪ್ಪನಿಗೆ ಕಂಡಿಕೆ ಸುತ್ತಿಕೊಡಲು ದಿನಕ್ಕೆ 2ರಂತೆ 14. ಇವೆಲ್ಲವನ್ನೂ ಕೂಡಿದರೆ 138. ಉಳಿದುದು 30 ತಾಸು, ಎಂದರೆ ದಿನಕ್ಕೆ ನಾಲ್ಕರ ಮೇಲೆ ಚೂರು. ನಮ್ಮ ಬಡತನ ಬರಿಯ ಹಣದ್ದಲ್ಲ, ಹೊತ್ತಿನದೂ ಹೌದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ತಾಸುಗಳಿಗೂ ಸಲ್ಲುತ್ತದೆ.

ಈ 30 ತಾಸುಗಳನ್ನು ಹಂಚುವುದು ಹೇಗೆ? ಇದಕ್ಕೆ ಕಂಪ್ಯೂಟರೇ ಒಂದು ಪಾಠವನ್ನು ಹೇಳುತ್ತದೆ. ಅದರ ಸಂಸ್ಕಾರಕ, ಎಂದರೆ ಲೆಕ್ಕ ಮಾಡುವ ಭಾಗ, ಒಂದೇ ಇದ್ದರೂ ಕೆಲಸಗಳು ಹಲವಿರುತ್ತವೆ. ಪ್ರತಿಯೊಂದಕ್ಕೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಕಾಲವನ್ನು ಕೊಡುತ್ತ ಅದು ಎಲ್ಲವನ್ನೂ ಸಾಗಿಸುತ್ತದೆ. ಆದರೆ ಒಂದು ಕೆಲಸವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗಲೆಲ್ಲ ಹಳೆಯದನ್ನು ಎತ್ತಿಟ್ಟು ಹೊಸದನ್ನು ಹರವಬೇಕು; ಅದಕ್ಕೂ ಕಾಲ ಬೇಕು. ನೆನಪಿನ ಕೋಣೆ ಚಿಕ್ಕದಾಗಿ ಕೆಲಸಗಳು ಅತಿಯಾದರೆ, ಯಂತ್ರವು ಎತ್ತಿಡುವುದು, ಹರವುವುದು ಇಷ್ಟರಲ್ಲಿಯೇ ದಿನ ಕಳೆಯುತ್ತದೆ. ನಿಜವಾದ ಕೆಲಸ ಸಾಗುವುದೇ ಇಲ್ಲ. ಥ್ರಾಶಿಂಗ್ ಎಂಬ ಈ ಅವಸ್ಥೆಯ ಕಾರಣವನ್ನೂ ಪರಿಹಾರವನ್ನೂ ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ವಿದ್ವಾಂಸರು 1968ರಲ್ಲಿ ವಿವರಿಸಿದರು. ಪರಿಹಾರವು ಸರಳವಾಗಿದೆ: ಕೋಣೆಯಲ್ಲಿ ಹಿಡಿಸುವಷ್ಟು ಕೆಲಸಗಳನ್ನು ಮಾತ್ರ ಒಮ್ಮೆಗೆ ಒಳಗೆ ಬಿಡಬೇಕು.

ಪರೀಕ್ಷೆಯ ಹಿಂದಿನ ವಾರ ಆರು ಪುಸ್ತಕಗಳನ್ನು ಸುತ್ತ ಹರಡಿಕೊಂಡು ಕುಳಿತ ವಿದ್ಯಾರ್ಥಿಯ ಸ್ಥಿತಿ ಇದೇ ಅಲ್ಲವೆ? ಒಂದು ವಿಷಯದಲ್ಲಿ ಮನಸ್ಸು ನಿಲ್ಲಲು 10 ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. ರಾತ್ರಿಯ 3 ತಾಸುಗಳಲ್ಲಿ ಆರು ವಿಷಯಗಳನ್ನು ಮುಟ್ಟಿದರೆ 60 ನಿಮಿಷ ಅಣಿಯಾಗುವುದಕ್ಕೇ ಹೋಗಿ ಓದಿಗೆ 120 ನಿಮಿಷ ಉಳಿಯುತ್ತದೆ. ಎರಡನ್ನೇ ಮುಟ್ಟಿದರೆ 160 ಉಳಿಯುತ್ತದೆ. ಹಾಗೆಂದು ವಾರವಿಡೀ ಒಂದನ್ನೇ ಹಿಡಿದರೆ ಉಳಿದವು ಉಪವಾಸ ಬೀಳುತ್ತವೆ. ಆದುದರಿಂದ ದಿನಕ್ಕೆ ಎರಡು ವಿಷಯ, ವಾರದಲ್ಲಿ ಎಲ್ಲಕ್ಕೂ ಸರದಿ ಎಂಬುದು ನಾನು ಪಾಲಿಸಿದ ಕ್ರಮ. ಗಣಿತಕ್ಕೆ 12, ಅರ್ಥಶಾಸ್ತ್ರಕ್ಕೆ 8, ಭಾಷೆಗಳಿಗೆ 5, ಪ್ರಯೋಗದ ಸಿದ್ಧತೆಗೆ 5 ತಾಸುಗಳೆಂದು ಹಂಚಿಕೊಂಡೆ.

ಆದರೆ ಬರಿಯ ಹಂಚಿಕೆಯಿಂದ ಹೊರೆ ಇಳಿಯದು. ಗಣಿತವೊಂದು, ಕಂಪ್ಯೂಟರ್ ಇನ್ನೊಂದು ಎಂಬ ಭಾವನೆಯೇ ಅರ್ಧ ಭಾರ. ನಮ್ಮ ಸೀಮೆಯ ಇಳಕಲ್ ಸೀರೆಯನ್ನು ನೋಡಿರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಇವೆರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಆಮೇಲೆ ಅದು ಒಂದೇ ಸೀರೆ. ಮಗ್ಗದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ಚಿತ್ರಗಳನ್ನು ನೇಯಲು ಹೇಳಿಕೊಟ್ಟನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಲೆಕ್ಕದ ಯಂತ್ರದ ಯೋಜನೆಗೆ ಅದೇ ರಟ್ಟುಗಳನ್ನು ಆರಿಸಿಕೊಂಡನು. ಆ ಯಂತ್ರವು ಗಣಿತವನ್ನು ಮಾಡುವ ಬಗೆಯನ್ನು ಏಡಾ ಲವ್‌ಲೇಸ್ ಎಂಬ ಮಹಿಳೆ 1843ರಲ್ಲಿ ಹಂತಹಂತವಾಗಿ ಬರೆದು ಪ್ರಕಟಿಸಿದಳು. ಹೀಗೆ ಗಣಕದ ವಂಶಾವಳಿಯಲ್ಲಿ ಮಗ್ಗವೂ ಇದೆ.

ಈ ಕೊಂಡಿ ಹಾಕುವುದು ಓದಿನಲ್ಲಿ ಹೇಗೆ? ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. 252 ಮತ್ತು 105ರ ಮಹತ್ತಮ ಸಾಮಾನ್ಯ ಅಪವರ್ತನ ಬೇಕು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ವಿಧಾನ ಹೀಗಿದೆ: 252ನ್ನು 105ರಿಂದ ಭಾಗಿಸಿದರೆ ಶೇಷ 42; 105ನ್ನು 42ರಿಂದ ಭಾಗಿಸಿದರೆ ಶೇಷ 21; 42ನ್ನು 21ರಿಂದ ಭಾಗಿಸಿದರೆ ಶೇಷ ಸೊನ್ನೆ. ಆದುದರಿಂದ ಉತ್ತರ 21. ‘ಶೇಷ ಸೊನ್ನೆಯಾಗುವವರೆಗೆ ಭಾಗಿಸುತ್ತ ಹೋಗು’ ಎಂಬುದೇ ಪ್ರಯೋಗಾಲಯದಲ್ಲಿ ಬರೆಯುವ ಕ್ರಮವಿಧಿ. ಅದು ಎಂದಾದರೂ ನಿಲ್ಲುವುದೆಂಬ ಭರವಸೆ ಏನು? ಪ್ರತಿ ಹಂತದಲ್ಲಿಯೂ ಶೇಷವು ಕಿರಿದಾಗುತ್ತದೆ, ಮತ್ತು ಸೊನ್ನೆಗಿಂತ ಕೆಳಗಿಳಿಯದು. ಆದುದರಿಂದ ನಿಲ್ಲಲೇಬೇಕು. ಇದು ಗಣಿತದ ಸಾಧನೆ. ಹೀಗೆ ಪಾಠದಲ್ಲಿ ಸಾಧನೆಯನ್ನು ಅರಿತವರಿಗೆ ಪ್ರಯೋಗವು ಪುನರಾವೃತ್ತಿಯಾಗುತ್ತದೆ. ಅರಿಯದವರಿಗೆ ಅದೊಂದು ಹೊಸ ವಿಷಯವಾಗಿ ಹೆಗಲೇರುತ್ತದೆ.

ಕನ್ನಡದ ತರಗತಿಯೂ ಈ ಕೊಂಡಿಗೆ ಹೊರತಲ್ಲ. ಲಘು, ಗುರು ಎಂಬ ಎರಡೇ ಬಗೆಯಿಂದ ಮೂರಕ್ಷರದ ಗಣಗಳು ಎಂಟೇ ಏಕೆ? ಮೂರು ಸ್ಥಾನಗಳಲ್ಲಿ ಒಂದೊಂದಕ್ಕೂ ಎರಡು ಆಯ್ಕೆ. 2×2×2 ಎಂದರೆ 8. ಕಂಪ್ಯೂಟರಿನ ಸೊನ್ನೆ, ಒಂದುಗಳ ಲೆಕ್ಕವೂ ಇದೇ. ನಾಗವರ್ಮನ ‘ಛಂದೋಂಬುಧಿ’ಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಕೆಲವು ವ್ಯವಹಾರದ ಮಾತುಗಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಅಂಜಬೇಕಾಗಿಲ್ಲ. ನನ್ನ ಮನೆಯಲ್ಲಿಯೂ ಇಲ್ಲ. ಕ್ರಮವಿಧಿಯನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದು, ಚಿಕ್ಕ ಸಂಖ್ಯೆಯೊಂದನ್ನು ಕೊಟ್ಟು, ಸಾಲುಸಾಲಾಗಿ ಕೈಯಿಂದಲೇ ನಡೆಸಿ ನೋಡಬೇಕು. ಆಗ ಪ್ರಯೋಗಾಲಯದ 4 ತಾಸು ಯೋಚಿಸುವುದರಲ್ಲಿ ಕಳೆಯದೆ ಪರೀಕ್ಷಿಸುವುದಕ್ಕೆ ದೊರೆಯುತ್ತದೆ. ಬಸ್ಸಿನ ಕುಲುಕಾಟದಲ್ಲಿ ಲೆಕ್ಕ ಬಿಡಿಸಲಾಗದು, ಆದರೆ ವ್ಯಾಖ್ಯೆಗಳನ್ನು ಮನನ ಮಾಡಬಹುದು. ಇಂಗ್ಲಿಷ್ ಪದವೊಂದು ಬಂದಾಗ ಅದರ ಅರ್ಥವನ್ನು ಕನ್ನಡದಲ್ಲಿ ಸ್ವಂತ ಮಾತಿನಿಂದ ಬರೆದುಕೊಳ್ಳಬೇಕು. ತಿಳಿಯದುದನ್ನು ಅಂದೇ ಗುರುಗಳಲ್ಲಿ ಕೇಳಬೇಕು. ಗಣಿತದಲ್ಲಿ ಇಂದಿನ ಸಂಶಯವು ನಾಳೆಯ ಪಾಠವನ್ನೂ ಕೆಡಿಸುತ್ತದೆ. ನಿದ್ರೆಯ 49 ತಾಸುಗಳಿಗೆ ಮಾತ್ರ ಕೈ ಹಚ್ಚಬಾರದು.

ಇಷ್ಟಾದರೂ ಒಂದು ಮಾತನ್ನು ಹೇಳದೆ ಇರಲಾರೆ. ಮೊದಲ ವರ್ಷ ಗಣಿತದ ತರಗತಿಯಲ್ಲಿ ಮೂರು ಬೆಂಚು ತುಂಬುತ್ತಿದ್ದ ನಾವು ಈಗ ಒಂದೇ ಬೆಂಚಿನಲ್ಲಿ ಹಿಡಿಸುತ್ತೇವೆ. ಬಿಟ್ಟುಹೋದವರು ದಡ್ಡರಲ್ಲ. ನನಗಿಂತ ಚುರುಕಾಗಿದ್ದ ಗೆಳತಿಗೆ ಮದುವೆಯಾಯಿತು. ಇನ್ನೊಬ್ಬನು ಮಳೆ ಕೈಕೊಟ್ಟ ವರ್ಷ ದುಡಿಯಲು ಮಂಗಳೂರಿಗೆ ಹೋದನು. ಅವರ 30 ತಾಸು ಸೊನ್ನೆಯಾಯಿತು. ಸೊನ್ನೆಯನ್ನು ಹಂಚುವ ವಿದ್ಯೆ ಯಾವ ಶಾಸ್ತ್ರದಲ್ಲಿಯೂ ಇಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ತಾಸುಗಳು ಉಳಿದುದು ನನ್ನ ಜಾಣತನದಿಂದಲ್ಲ. ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಕಂಡಿಕೆಗಳನ್ನು ಅವ್ವ ತಾನೇ ಸುತ್ತಿದುದರಿಂದ.

ಆದುದರಿಂದ ಗುರುಹಿರಿಯರಲ್ಲಿ ನನ್ನ ವಿನಂತಿಯಿಷ್ಟೆ: ತರಗತಿಯಲ್ಲಿ ಒಬ್ಬರು ಹಿಂದುಳಿದರೆ ಅವರ ಬುದ್ಧಿಯನ್ನು ಅಳೆಯುವ ಮೊದಲು ಅವರ ಹೊತ್ತನ್ನು ವಿಚಾರಿಸಿರಿ. ಕಿರಿಯ ಸಹಪಾಠಿಗಳಿಗೆ ಹೇಳುವುದೂ ಇಷ್ಟೆ: ಒಂದು ಹಾಳೆಯ ಮೇಲೆ 168 ಎಂದು ಬರೆಯಿರಿ, ನಿಮ್ಮ ವಾರವನ್ನು ಪ್ರಾಮಾಣಿಕವಾಗಿ ಕಳೆಯುತ್ತ ಬನ್ನಿರಿ. ಉಳಿಯುವ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಅದು ನಿಮ್ಮದು. ತೆನೆಗೂಡಿದರೆ ಬಳ್ಳವೆಂಬ ಹಿರಿಯರ ಲೆಕ್ಕ ಎಂದೂ ತಪ್ಪಿಲ್ಲ.